ಜನರಲ್ ಕಾಕಾ ಅಂಜಿದ ದಿನ

ಚಿರತೆ ಕಾಣಿಸಿಕೊಂಡ ವಾರವೇ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜನರಲ್ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದೆವು.

ಚಂದಾಪುರದಿಂದ ಸ್ವಲ್ಪ ಒಳಗೆ, ಹಿಂದೆ ನೀಲಗಿರಿ ತೋಪು, ಅದರಾಚೆ ಅರ್ಧ ಬತ್ತಿದ ಕೆರೆ, ಇತ್ತ ನಮ್ಮ ಕಟ್ಟಡಗಳು. ನಾನು ದಾವಣಗೆರೆಯ ಕಡೆಯವಳು. ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಐದನೇ ಮಹಡಿಯಲ್ಲಿ ನಾನು ಮತ್ತು ನನ್ನ ಯಜಮಾನರು. ಎರಡನೇ ಮಹಡಿಯಲ್ಲಿ ಜನರಲ್ ಮತ್ತು ಅವರ ಹೆಂಡತಿ. ನಲವತ್ತು ವರ್ಷ ಸೈನ್ಯದಲ್ಲಿದ್ದು ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾದವರು. ಮೂಲ ಬಾಗಲಕೋಟೆ ಕಡೆಯ ಒಂದು ಹಳ್ಳಿ. ಉಳಿದವರ ಜೊತೆ ಅವರ ಇಂಗ್ಲಿಷು ಇಸ್ತ್ರಿ ಹಾಕಿದ ಬಟ್ಟೆಯ ಹಾಗಿರುತ್ತಿತ್ತು. ನಾನು ಕನ್ನಡದವಳೆಂದು ಗೊತ್ತಾದ ದಿನವೇ, "ತಂಗಿ, ನನಗ ಸರ್ ಅನಬ್ಯಾಡ, ಕಾಕಾ ಅನ್ನು. ಸರ್ ಅನಿಸಿಕೊಂಡು ಅನಿಸಿಕೊಂಡು ಕಿವಿ ತೂತು ಬಿದ್ದಾವು" ಎಂದಿದ್ದರು. ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಕಾಕು ಮಾಡುವ ಜೋಳದ ರೊಟ್ಟಿಯ ಸಪ್ಪಳ ಮೆಟ್ಟಿಲಿನವರೆಗೂ ಕೇಳುತ್ತಿತ್ತು.

ಸನ್ಮಾನಕ್ಕೆ ಅವರು ಎರಡು ಸಲ ಬೇಡವೆಂದಿದ್ದರು. ನಮ್ಮ ಸಂಘದ ಅಧ್ಯಕ್ಷರು ಇದೇ ಊರಿನವರು. ಈ ಕಟ್ಟಡಗಳು ನಿಂತಿರುವುದು ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಅವರು ನನ್ನನ್ನು ಲಿಫ್ಟಿನ ಬಳಿ ಹಿಡಿದು ನಿಲ್ಲಿಸಿದರು.

"ಮೇಡಂ, ನೀವೇ ಹೋಗಿ ಕೇಳಿ. ನಿಮ್ಮಾತು ಅವ್ರು ತೆಗೆದಾಕಲ್ಲ. ಅಂಥ ದೊಡ್ಡೋರು ನಮ್ಮ ಮಧ್ಯೆ ಅವ್ರೆ, ಒಂದು ಶಾಲು ಹೊದಿಸ್ದೆ ಇದ್ರೆ ಹೆಂಗೆ? ಭಾಷಣಾನೂ ನೀವೇ ಮಾಡ್ಬೇಕು."

ನಾನು ಹೋಗಿ ಕೇಳಿದೆ. ಕಾಕಾ ಆಗಷ್ಟೇ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. "ಆತು, ನಿನ್ನ ಸಲುವಾಗಿ. ಆದ್ರ ವೀರ, ಶೂರ, ಸಿಂಹ, ಇಂಥಾವ ಯಾವೂ ನಿನ್ನ ಭಾಷಣದಾಗ ಬರಬಾರದು" ಎಂದರು. ನಾನು ಒಪ್ಪಿಕೊಂಡು ಮೆಟ್ಟಿಲು ಹತ್ತುವಾಗ, ಇವು ಮೂರನ್ನೂ ಬಿಟ್ಟರೆ ಒಬ್ಬ ಸೇನಾಧಿಕಾರಿಯ ಬಗ್ಗೆ ಹೇಳುವುದಾದರೂ ಏನನ್ನು ಎಂದು ಚಿಂತೆಯಾಯಿತು.

ಅದಾದ ಮರುದಿನ ಬೆಳಗ್ಗೆ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ನಮ್ಮದೇ ಹಿಂದಿನ ಗೋಡೆ, ನಮ್ಮದೇ ಮಕ್ಕಳ ಜಾರುಬಂಡೆ. ಅದರ ಪಕ್ಕದಲ್ಲಿ ಚಿರತೆ ಅವಸರವಿಲ್ಲದೆ ನಡೆದುಹೋಗುತ್ತಿತ್ತು. ಒಮ್ಮೆ ನಿಂತು, ಮೇಲೆ ಬಾಲ್ಕನಿಗಳ ಕಡೆ ಮುಖ ಎತ್ತಿತು. ನನಗೆ ಅದು ನಮ್ಮ ಮನೆಯನ್ನೇ ನೋಡಿದಂತೆ ಅನಿಸಿತು.

ಅರಣ್ಯ ಇಲಾಖೆಯವರು ಬಂದರು. ತೋಪಿನ ಅಂಚಿನಲ್ಲಿ ಬೋನು ಇಟ್ಟು ಒಳಗೊಂದು ಮೇಕೆ ಕಟ್ಟಿದರು. ಆ ಮೇಕೆಯ ಕೂಗು ಹಗಲೆಲ್ಲ ಕೇಳುತ್ತಿತ್ತು. ಕೂಗು ನಿಂತರೆ ಇನ್ನೂ ಹೆದರಿಕೆ. ಯಾಕೆ ನಿಂತಿತು ಎಂದು ಎಲ್ಲರೂ ಕಿಟಕಿಯ ಬಳಿ ಬರುತ್ತಿದ್ದೆವು. ಐದನೇ ಮಹಡಿಗೆ ಚಿರತೆ ಬರುವುದಿಲ್ಲವೆಂದು ಗೊತ್ತಿದ್ದೂ ನಾನು ಬಾಲ್ಕನಿಯ ಬಾಗಿಲು ತೆರೆಯುತ್ತಿರಲಿಲ್ಲ. ಮನೆಯ ಹೊರಗಿನ ಚಪ್ಪಲಿ ಗೂಡಿನ ಹಿಂದೆ, ಗ್ಯಾಸ್ ಸಿಲಿಂಡರಿನ ಸಂದಿಯಲ್ಲಿ, ಕಾರಿನ ಅಡಿಯಲ್ಲಿ, ಎಲ್ಲಿ ಸ್ವಲ್ಪ ಕತ್ತಲಿದ್ದರೂ ಅಲ್ಲಿ ಅದು ಮಲಗಿರುವಂತೆ ಕಾಣುತ್ತಿತ್ತು. ಲ್ಯಾಬಿನಲ್ಲಿ ಯಾರೋ ಹಿಂದಿನಿಂದ ಬಂದು ಮಾತಾಡಿಸಿದಾಗ ಕೈಯಲ್ಲಿದ್ದ ಸೀಸೆ ಜಾರಿತು.

ಆ ದಿನಗಳಲ್ಲೇ ನಾನು ಭಾಷಣಕ್ಕೆ ವಿಷಯ ಕೇಳಲು ಕಾಕಾರ ಮನೆಗೆ ಹೋದದ್ದು. ಪದಕಗಳ ಬಗ್ಗೆ ಕೇಳಿದರೆ, "ಅಲಮಾರದಾಗ ಅದಾವು, ನಿಮ್ಮ ಕಾಕೂನ್ನ ಕೇಳು" ಎಂದರು. ನಾನು ಬಾಲ್ಕನಿಯ ಕಡೆ ಕತ್ತು ಹೊರಳಿಸಿ ಹೊರಳಿಸಿ ನೋಡುತ್ತಿದ್ದುದನ್ನು ಗಮನಿಸಿ, "ಅಂಜಿಕಿ ಆಗೇತೇನು?" ಎಂದು ಕೇಳಿದರು.

"ಹೂಂ ಕಾಕಾ. ನಿಮಗೆ ಇದೆಲ್ಲ ಏನೂ ಅನಿಸೋದಿಲ್ಲ, ಅಲ್ವಾ?"

ಅವರು ನಕ್ಕರು. "ಅಂಜಿಕಿ ಬರಂಗಿಲ್ಲ ಅನ್ನಾಂವ ಸುಳ್ಳ ಹೇಳ್ತಾನ, ಇಲ್ಲಾ ಅಂವಾ ಸೈನ್ಯದಾಗ ಇರಬಾರದು. ನನಗ ಮೊದಲ ಬಾಯಿ ಆರತೈತಿ. ಆಮ್ಯಾಲ ಕೈ ನಡಗತಾವು. ಮಂದಿಗೆ ಕಾಣಬಾರದು ಅಂತ ಒಂದು ಬಡಿಗಿ ಹಿಡಕೊಂಡು ತಿರಗತಿದ್ದೆ."

ಆಮೇಲೆ ತಾವಾಗಿಯೇ ಒಂದು ಸಂಗತಿ ಹೇಳಿದರು. ಅವರು ಕ್ಯಾಪ್ಟನ್ ಆಗಿದ್ದಾಗ ಅವರ ತುಕಡಿಯ ಒಬ್ಬ ಸೈನಿಕ ಗಡಿಯಲ್ಲಿ ಸತ್ತ. ಮನೆಗೆ ಸುದ್ದಿಯ ತಂತಿ ಹೋಗಿತ್ತು, ಸರ್ಕಾರದ ಕೆಲಸ ಮುಗಿದಿತ್ತು. ಇವರು ರಜೆ ಹಾಕಿ ಅವನ ಊರಿಗೆ ಹೋದರು. ಬಸ್ ಇಳಿದು ಮನೆ ಹುಡುಕಿ ಹೊಸ್ತಿಲ ಮುಂದೆ ನಿಂತರೆ ಒಳಗೆ ಅವನ ತಾಯಿ ರೊಟ್ಟಿ ಬಡಿಯುತ್ತಿದ್ದಳು.

"ಗುಂಡಿಗೆ ಅಷ್ಟು ಅಂಜಿರಲಿಲ್ಲ ತಂಗಿ. ಆ ಹೊಸ್ತಿಲಾ ದಾಟಾಕ ನನ್ನ ಕಾಲು ಏಳಲಿಲ್ಲ. ತಿರುಗಿ ಬಸ್ಸಿಗೆ ಹೋಗಿಬಿಡ್ಲೇನು ಅನಿಸ್ತು. ಅಷ್ಟರಾಗ ಆಕಿ ನೋಡಿದ್ಲು. ನನ್ನ ಸೈನ್ಯದ ಅಂಗಿ ನೋಡಿ, ಯಾಕ ಬಂದೀನಿ ಅಂತ ತಿಳಕೊಂಡ್ಲು. ಮೊದಲ ಉಣ್ಣು, ಆಮ್ಯಾಲ ಹೇಳೀಯಂತ, ಅಂದ್ಲು."

ಆವತ್ತಿನಿಂದ ತಮ್ಮ ಕೈಕೆಳಗೆ ಯಾರು ಸತ್ತರೂ ಅವರ ಮನೆಗೆ ತಾವೇ ಹೋಗುತ್ತಿದ್ದರಂತೆ. ಬ್ರಿಗೇಡಿಯರ್ ಆದಾಗಲೂ ಬಿಡಲಿಲ್ಲ, ಜನರಲ್ ಆದಾಗಲೂ ಬಿಡಲಿಲ್ಲ. ಪ್ರತಿ ಸಲ ಹೊಸ್ತಿಲ ಮುಂದೆ ಅದೇ ಕಾಲು, ಅದೇ ಬಾಯಿ ಆರುವುದು. ರೂಢಿಯಾಗಲಿಲ್ಲವೇ ಎಂದು ಕೇಳಿದೆ. "ರೂಢಿ ಆಗಿದ್ರ ಹೋಗೂದು ಬಿಡತಿದ್ದೆ" ಎಂದರು. ಕಾಕು ಒಳಗಿನಿಂದ ಚಹಾ ತಂದಿಟ್ಟರು. ಅವರ ಮುಖ ನೋಡಿದರೆ, ಈ ಮಾತು ಅವರೂ ಪೂರ್ತಿ ಕೇಳಿದ್ದು ಅದೇ ಮೊದಲೇನೋ ಅನಿಸಿತು.

ಕೆಲವು ದಿನ ಚಿರತೆಯ ಸುಳಿವೇ ಇರಲಿಲ್ಲ. ಮೇಕೆ ಹಾಗೇ ಇತ್ತು. ಕೆರೆಯ ದಾರಿ ಹಿಡಿದು ಬನ್ನೇರುಘಟ್ಟದ ಕಡೆಗೆ ಹೋಗಿರಬೇಕು ಎಂದು ಅರಣ್ಯದವರು ಹೇಳಿದರು. ಶನಿವಾರ ಬೆಳಗ್ಗೆ ಶಾಮಿಯಾನದವರು ಕುರ್ಚಿ ತಂದು ಇಳಿಸಿದರು. ಮರುದಿನ ಸನ್ಮಾನ. ನಾನು ರಜೆ ಹಾಕಿ, ವೇದಿಕೆ ಎಲ್ಲಿ ಎಂದು ನೋಡಲು ಕೆಳಗೆ ಬಂದಿದ್ದೆ. ಆಗ ನನ್ನ ಫೋನು ಹೊಡೆದುಕೊಂಡಿತು. ಕಟ್ಟಡದ ಕಸ ಗುಡಿಸುವ ಹೆಂಗಸು. ನಮ್ಮ ಮನೆಗೂ ಪಾತ್ರೆ ತೊಳೆಯಲು ಬರುತ್ತಿದ್ದವಳು. ಆನೇಕಲ್ ಕಡೆಯವಳು, ಗಟ್ಟಿ ದನಿಯವಳು. ಆವತ್ತು ದನಿಯೇ ಇರಲಿಲ್ಲ.

"ಅಮ್ಮಾ, ನಾನು ಕೆಳಗ್ಡೆ ಪಂಪ್ ರೂಮಲ್ಲಿ ಸೇರ್ಕೊಂಡಿವ್ನಿ. ಅದು ಆಚೆ ಐತೆ."

"ಯಾವುದು?"

"ಅದೇ ಕಣಮ್ಮಾ. ಕಾರಿನ ಸಂದೀಲಿ ಮಲಗಿತ್ತು. ನಾನು ಕಸಬರಕೆ ಬಿಸಾಕಿ ಓಡ್ಬಂದೆ. ಈ ಬಾಗ್ಲಿಗೆ ಒಳಗಡೆ ಚಿಲ್ಕ ಇಲ್ಲ. ಒತ್ಕೊಂಡು ನಿಂತಿವ್ನಿ. ಉಸ್ರು ಬಿಡೋದು ಕೇಳ್ತೈತೆ."

ಫೋನು ಕಡಿದುಹೋಯಿತು. ನೆಲಮಾಳಿಗೆಯಲ್ಲಿ ಸಿಗ್ನಲ್ ಸರಿಯಾಗಿ ಇರುವುದಿಲ್ಲ. ನಾನು ಏನೆಂದು ಕೂಗಿದೆನೋ ನೆನಪಿಲ್ಲ. ಗಾರ್ಡುಗಳು ಓಡಿಬಂದರು, ಶಾಮಿಯಾನದವರು ಬಿದಿರು ಹಿಡಿದು ಬಂದರು, ಮೇಲಿನಿಂದ ಗಂಡಸರು ಕ್ರಿಕೆಟ್ ಬ್ಯಾಟು ಹಿಡಿದು ಇಳಿದರು. ಅರ್ಧ ಜನರ ಕೈಯಲ್ಲಿ ಮೊಬೈಲು, ವಿಡಿಯೋ ಮಾಡಲು. ಅರಣ್ಯದವರಿಗೆ ಫೋನು ಹೋಯಿತು. ಅವರ ಗಾಡಿ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅಧ್ಯಕ್ಷರು ಗಣೇಶನ ಹಬ್ಬದಲ್ಲಿ ಉಳಿದಿದ್ದ ಪಟಾಕಿ ಸರ ತರಿಸಿದರು.

"ಹಿಂಗ್ ಹಚ್ಚಿ ರ‍್ಯಾಂಪ್ ಮೇಲಿಂದ ಎಸೆದ್ರೆ ಓಡೋಗ್ತದೆ. ನಮ್ಮಪ್ಪ ಹಂದಿ ಓಡಿಸ್ತಿದ್ದಿದ್ದು ಹಂಗೇ."

"ಎಲ್ಲಿಗೆ ಓಡಬೇಕ್ರಿ ಅದು?"

ಹಿಂದಿನಿಂದ ಕಾಕಾರ ದನಿ. ಮೆಟ್ಟಿಲು ಇಳಿದು ಬಂದಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಊರುಗೋಲು. ದನಿ ಏರಿಸಲಿಲ್ಲ. ನೆಲಮಾಳಿಗೆಗೆ ಎಷ್ಟು ದಾರಿ ಎಂದು ಕೇಳಿದರು. ಮುಂದೊಂದು ರ‍್ಯಾಂಪು, ಹಿಂದೆ ತೋಪಿನ ಕಡೆಗೊಂದು. ಹಿಂದಿನದರ ಶಟರು ಚಿರತೆಯ ಭಯಕ್ಕೆಂದೇ ಮುಚ್ಚಿತ್ತು.

"ಹಿಂದ ಮುಚ್ಚೇತಿ. ಮುಂದ ನೀವು ಇಷ್ಟು ಮಂದಿ ನಿಂತೀರಿ. ಅದಕ್ಕ ಉಳಿದಿದ್ದು ಆ ಹೆಣ್ಮಗಳ ಬಾಗಲಾ ಒಂದ. ಪಟಾಕಿ ಒಳಗಿಡ್ರಿ. ಎಲ್ಲಾರೂ ಮ್ಯಾಲ ಹೋಗ್ರಿ, ಬಾಗಲಾ ಹಾಕ್ಕೋರಿ. ಹಿಂದಿನ ಶಟರ್ ತಗೀರಿ."

ಬಾಗಲಕೋಟೆಯ ಕನ್ನಡ ಅರ್ಥವಾಗದವರಿಗೂ ಅದು ಆಜ್ಞೆ ಎಂದು ಅರ್ಥವಾಯಿತು. ಅಧ್ಯಕ್ಷರು ಪಟಾಕಿಯನ್ನು ಮಡಚಿಕೊಂಡು ಜನರನ್ನು ತಳ್ಳುತ್ತ ಕರೆದುಕೊಂಡು ಹೋದರು. ಶಟರಿನ ಸ್ವಿಚ್ಚು ಗಾರ್ಡುಗಳ ಕೋಣೆಯಲ್ಲಿತ್ತು. ನಾನೂ ಕಾಕಾನೂ ನಮ್ಮ ಕಟ್ಟಡದ ಕೆಳಗಿನ ಲಾಬಿಯಲ್ಲಿ, ಗಾಜಿನ ಬಾಗಿಲ ಹಿಂದೆ ನಿಂತೆವು. ಎದುರಿಗೇ ಮುಂದಿನ ರ‍್ಯಾಂಪು.

ಮತ್ತೆ ಫೋನು ಬಂತು. ನಾನು ಸ್ಪೀಕರ್ ಹಾಕಿದೆ.

"ಅಮ್ಮಾ, ಬಾಗ್ಲು ಕೆರೀತೈತೆ."

"ಬಾಗಲಕ್ಕ ಬೆನ್ನ ಹಚ್ಚಿ ಕುಂದ್ರು ಅಂತ ಹೇಳು. ಕಾಲು ಎದುರಿನ ಗ್ವಾಡಿಗೆ ಒದ್ದು ಇಟ್ಕೋ ಅನ್ನು" ಎಂದರು ಕಾಕಾ. ನಾನು ಅದನ್ನೇ ಹೇಳಿದೆ. ಅವಳು, "ಗೋಡೆ ದೂರ ಐತಮ್ಮ, ಮೋಟ್ರು ಐತೆ" ಎಂದಳು. "ಮೋಟಾರಕ್ಕ ಒದಿ ಅನ್ನು. ಮಾತಾಡಬ್ಯಾಡ ಅನ್ನು. ನಾವ ಇಲ್ಲೇ ಅದೀವಿ ಅನ್ನು." ಹೇಳಿದೆ. ಅತ್ತಲಿಂದ ಅಳು ಕೇಳಿಸಿತು. ಅದನ್ನೂ ಅವಳು ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಹಿಂದಿನ ಶಟರು ಮೇಲೇಳತೊಡಗಿತು. ಎಷ್ಟೋ ದಿನದಿಂದ ಎಣ್ಣೆ ಕಾಣದ್ದು. ಅದರ ಕಿರುಚಾಟ ಇಡೀ ನೆಲಮಾಳಿಗೆಯಲ್ಲಿ ತುಂಬಿ ನಮ್ಮ ಕಾಲಡಿಯ ನೆಲವನ್ನೂ ನಡುಗಿಸಿತು. ಕಾಕಾ ಕಣ್ಣು ಮುಚ್ಚಿ, "ಅಯ್ಯೋ ಶಿವನ, ತಪ್ಪಾತು" ಎಂದರು. ನನಗೂ ಆಗಲೇ ಹೊಳೆಯಿತು. ಆ ಸದ್ದಿನ ಕಡೆಗೆ ಯಾವ ಪ್ರಾಣಿ ಹೋಗುತ್ತದೆ? ಅದು ಹಿಂದಕ್ಕೆ ಹೋಗಲಿಲ್ಲ. ನಮ್ಮ ಕಡೆ ಬಂತು.

ರ‍್ಯಾಂಪಿನ ತುದಿಯಲ್ಲಿ ಮೊದಲು ಕಿವಿ, ಆಮೇಲೆ ತಲೆ. ಬಿಸಿಲಿಗೆ ಬಂದು ನಿಂತಿತು. ವಿಡಿಯೋದಲ್ಲಿ ನೋಡಿದ್ದಕ್ಕಿಂತ ಚಿಕ್ಕದು, ಪಕ್ಕೆಲುಬು ಎದ್ದಿತ್ತು. ನಮ್ಮ ಗಾಜಿನ ಬಾಗಿಲಿಗೆ ಬೀಗವಿರಲಿಲ್ಲ. ತಳ್ಳಿದರೆ ತೆರೆದುಕೊಳ್ಳುವ ಬಾಗಿಲು. ಕಾಕಾ ಊರುಗೋಲನ್ನು ಬಿಟ್ಟು ಎರಡೂ ಕೈಯಲ್ಲಿ ಹಿಡಿಕೆಯನ್ನು ಹಿಡಿದು ಬಾಗಿಲನ್ನು ಆಚೆಗೆ ಒತ್ತಿಕೊಂಡು ನಿಂತರು. ಊರುಗೋಲು ನೆಲಕ್ಕೆ ಬಿದ್ದ ಸದ್ದಿಗೆ ಅದು ತಿರುಗಿತು. ಹತ್ತಿರ ಬಂತು. ಗಾಜಿನ ಆಚೆ ಅದರ ಹಳದಿ ಕಣ್ಣು. ಅದರ ಮೂಗಿನ ಉಸಿರು ಗಾಜಿನ ಮೇಲೆ ಮಬ್ಬಾಗಿ ಕೂತು ಕರಗಿತು.

"ತಂಗಿ, ಕಣ್ಣಾಗ ಕಣ್ಣ ಇಡಬ್ಯಾಡ. ನೆಲಾ ನೋಡು."

ನಾನು ನೆಲ ನೋಡಿದೆ. ಆಗ ಕೇಳಿಸಿತು, ಟಕಟಕ ಎಂಬ ಸದ್ದು. ಬಾಗಿಲಿನ ಉಕ್ಕಿನ ಹಿಡಿಕೆ ಗಾಜಿಗೆ ಬಡಿದುಕೊಳ್ಳುತ್ತಿತ್ತು. ಕಾಕಾರ ಕೈಗಳು ಅಷ್ಟು ನಡುಗುತ್ತಿದ್ದವು. ನನಗಾದ ಹೆದರಿಕೆಯನ್ನು ಹೇಗೆ ಬರೆಯಲಿ? ಚಿರತೆಗಿಂತ ಆ ಸದ್ದಿಗೆ ನನ್ನ ಜೀವ ಹೋಯಿತು. ಇವರೇ ನಡುಗುತ್ತಿದ್ದರೆ ನಾವು ಉಳಿಯುವುದಿಲ್ಲ ಎಂದುಕೊಂಡೆ. ಆದರೆ ಅವರು ಹಿಡಿಕೆ ಬಿಡಲಿಲ್ಲ, ನನ್ನ ಮುಂದಿನಿಂದ ಸರಿಯಲಿಲ್ಲ. ತಮ್ಮ ಭುಜದಿಂದ ನನ್ನನ್ನು ಮೆಲ್ಲಗೆ ಹಿಂದಕ್ಕೆ ನೂಕುತ್ತಲೇ ಇದ್ದರು.

ಎಷ್ಟು ಹೊತ್ತು ಎಂದು ಹೇಳಲಾರೆ. ಅದು ತಿರುಗಿ, ಜೋಡಿಸಿದ್ದ ಕುರ್ಚಿಗಳ ನಡುವೆ ನುಸುಳಿ, ಟ್ರಾನ್ಸ್‌ಫಾರ್ಮರಿನ ಕಟ್ಟೆ ಹತ್ತಿ ಗೋಡೆ ಹಾರಿತು. ಕುರ್ಚಿಯೊಂದು ಉರುಳಿ ಬಿತ್ತು. ಮೇಲಿನ ಬಾಲ್ಕನಿಗಳಿಂದ ಜನ ಕಿರುಚಿದರು.

ಕಾಕಾ ಹಾಗೇ ನಿಂತಿದ್ದರು. "ಹೋಯ್ತು ಕಾಕಾ" ಎಂದೆ. "ಹೂಂ" ಎಂದರು, ಹಿಡಿಕೆ ಬಿಡಲಿಲ್ಲ. ಬಿಡಲು ಅವರಿಂದ ಆಗುತ್ತಿರಲಿಲ್ಲ. ನಾನು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ತಣ್ಣಗಿದ್ದವು. ಅವರು ಒಮ್ಮೆ ಗೋಡೆಗೊರಗಿ, ನಾಲಿಗೆಯಿಂದ ತುಟಿ ಸವರಿಕೊಂಡು, "ನಡಿ, ಆಕೀನ ಕರಕೊಂಡು ಬರೂಣು" ಎಂದರು.

ಪಂಪ್ ರೂಮಿನ ಬಾಗಿಲಿನ ಕೆಳಭಾಗದಲ್ಲಿ ಉದ್ದಕ್ಕೆ ಉಗುರು ಎಳೆದ ಗೆರೆಗಳಿದ್ದವು. ನಾನು ಕರೆದರೆ ಅವಳು ತೆರೆಯಲಿಲ್ಲ. ನಾನು ಯಾರೆಂದು, ನಮ್ಮ ಮನೆಯಲ್ಲಿ ಅವಳಿಗಾಗಿ ಇಟ್ಟಿರುವ ಲೋಟ ಯಾವ ಬಣ್ಣದ್ದೆಂದು ಹೇಳಿದ ಮೇಲೆ ಬಾಗಿಲು ಸಡಿಲವಾಯಿತು. ಹೊರಗೆ ಬಂದು ನನ್ನ ಮೈಮೇಲೆ ಬಿದ್ದಳು. ಅವಳ ಬೆನ್ನು ಬಾಗಿಲ ಪಟ್ಟಿಗೆ ಒತ್ತಿ ಒತ್ತಿ ರವಿಕೆ ಹರಿದಿತ್ತು.

ಚಿರತೆಯನ್ನು ಮಧ್ಯಾಹ್ನ ಪಕ್ಕದ ಅರ್ಧ ಕಟ್ಟಿದ ಕಟ್ಟಡದಲ್ಲಿ ಅರಣ್ಯದವರು ಅರಿವಳಿಕೆ ಕೊಟ್ಟು ಹಿಡಿದರು. ಬಲೆಯಲ್ಲಿ ಹೊತ್ತುಕೊಂಡು ಹೋದರು. ಮುಂದೆ ಅದೇನಾಯಿತೋ ನಾನು ವಿಚಾರಿಸಲಿಲ್ಲ. ಅದು ಹೋದರೂ ನನ್ನ ಹೆದರಿಕೆ ಹೋಗಲಿಲ್ಲ. ನೀರು ಕುಡಿಯುವಾಗಲೂ ಆ ಟಕಟಕ ಕೇಳುತ್ತಿತ್ತು. ನಿದ್ದೆಗಣ್ಣಿನಲ್ಲಿ ಯಜಮಾನರ ಕೈ ತಾಗಿದರೆ ಬೆಚ್ಚುತ್ತಿದ್ದೆ.

ಸನ್ಮಾನ ಮುಂದಕ್ಕೆ ಹೋಯಿತು. ಆ ಹೆಂಗಸು ಕೆಲಸಕ್ಕೆ ಬರಲಿಲ್ಲ. ಕಾಕಾ ನನ್ನನ್ನು ಕಂಡಾಗಲೆಲ್ಲ, "ಆಕಿ ಬಂದ್ಲೇನು?" ಎಂದು ಕೇಳುತ್ತಿದ್ದರು. ಒಂದು ದಿನ, "ಮನಿ ಎಲ್ಲೈತಿ ಗೊತ್ತೈತೇನು? ನಡಿ ಹೋಗೂಣು" ಎಂದರು.

ಚಂದಾಪುರದ ಒಂದು ವಠಾರ. ಸಾಲಾಗಿ ಶೀಟಿನ ಮನೆಗಳು. ಅವಳ ಮನೆಯ ಮುಂದೆ ಬಂದಾಗ ಕಾಕಾ ಚಪ್ಪಲಿ ಬಿಟ್ಟು, ಹೊಸ್ತಿಲ ಈಚೆ ನಿಂತುಬಿಟ್ಟರು. ನಾನು ಅವರ ಮುಖ ನೋಡಿದೆ. ಸತ್ತವರ ಮನೆಯಲ್ಲ ಇದು, ಆದರೂ ಅವರಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಒಳಗೆ ಬಂದು ಚಾಪೆಯ ಮೇಲೆ ಕೂತರು.

ಅವಳು ಹಾಲು ತರಿಸಿ ಕಾಫಿ ಮಾಡಿದಳು. ಕೆಲಸಕ್ಕೆ ಯಾಕೆ ಬರಲಿಲ್ಲವೆಂದು ನಾವು ಕೇಳಲಿಲ್ಲ, ಅವಳೇ ಹೇಳಿದಳು.

"ಬಾಗ್ಲು ಹಾಕ್ಕೊಳ್ಳಾಕೆ ಆಯ್ತಿಲ್ಲ ಸಾರ್. ನೀರು ಉಯ್ಕೊಳ್ಳಕೆ ಹೋದ್ರೂ ತೆಗ್ದೇ ಇಡ್ತೀನಿ. ನಮ್ಮೆಜಮಾನ್ರು ಬೈತಾರೆ. ಎಂಗೆ ಏಳ್ಲಿ, ಮುಚ್ಚಿದ್ರೆ ಎದೆ ಒಡೆದೋದಂಗೆ ಆಯ್ತದೆ."

ಕಾಕಾ ಕಾಫಿ ಲೋಟ ಕೆಳಗಿಟ್ಟರು. "ನಾ ಲಿಫ್ಟ್ ಹತ್ತಂಗಿಲ್ಲ, ನೋಡೀಯೇನು?"

"ನೋಡಿವ್ನಿ ಸಾರ್. ಮಿಲ್ಟ್ರಿಯವ್ರು ಗಟ್ಟಿ, ಅದ್ಕೇ ಮೆಟ್ಲು ಹತ್ತಾರೆ ಅಂತ ನಾವೆಲ್ಲ ಮಾತಾಡ್ಕೋತೀವಿ."

"ಗಟ್ಟಿ ಅಲ್ಲವ್ವಾ. ಹತ್ತಾಕ ಆಗಂಗಿಲ್ಲ. ಹಿಮದ ಗುಡ್ಡದಾಗ ಒಮ್ಮೆ ನಮ್ಮ ಬಂಕರಿನ ಮ್ಯಾಲ ಬರ್ಫ ಕುಸೀತು. ನಾವು ಮೂರು ಮಂದಿ ಒಳಗ. ತಗದ್ರು, ಆದ್ರ ತಗಿಯೂದ್ರಾಗ ಇಬ್ರು ಹೋಗಿಬಿಟ್ಟಿದ್ರು, ಒಬ್ಬಾಂವ ನನ್ನ ತೊಡಿ ಮ್ಯಾಲ. ಆವತ್ತಿನಿಂದ ಬಾಗಲಾ ಮುಚ್ಚಿದ ಸಣ್ಣ ಜಾಗಾ ನನಗ ಆಗಂಗಿಲ್ಲ. ಆಮ್ಯಾಲ ಎಷ್ಟೋ ವರ್ಷ ನೌಕರಿ ಮಾಡೀನಿ. ಜೀಪಿನ ಕಿಡಕಿ ಯಾವತ್ತೂ ತಗದ ಇಡತಿದ್ದೆ. ಮಂದಿ, ಸಾಹೇಬ್ರಿಗೆ ಗಾಳಿ ಬೇಕು ಅಂತಿದ್ರು."

ಅವಳು ಅವರನ್ನೇ ನೋಡುತ್ತಿದ್ದಳು. ಎಲ್ಲ ಮಾತು ಅವಳಿಗೆ ತಿಳಿಯಿತೋ ಇಲ್ಲವೋ. "ಓಗಲ್ವಾ ಸಾರ್ ಇದು?" ಎಂದು ಕೇಳಿದಳು.

"ನಂದು ಹೋಗಿಲ್ಲ. ನಿಂದು ಹೋಗಬಹುದು. ಕೆಳಗ ಇಳೀಬ್ಯಾಡ, ಮ್ಯಾಲಿನ ಕೆಲಸ ಮಾಡು. ಯಾರರೆ ಇಳೀಬೇಕಂದ್ರ ಇಬ್ರು ಕೂಡೇ ಇಳೀರಿ. ನಾ ಮಾತಾಡ್ತೀನಿ."

ಮಾತಾಡಿದರು. ಪಂಪ್ ರೂಮಿಗೆ ಒಳಗಿನಿಂದ ಚಿಲಕ ಹಾಕಿಸುವವರೆಗೆ ಶಾಲು ಹೊದೆಯುವುದಿಲ್ಲ ಎಂದು ಅಧ್ಯಕ್ಷರಿಗೆ ಹೇಳಿದರು. ಅಧ್ಯಕ್ಷರು ವೆಲ್ಡಿಂಗ್‌ನವನನ್ನು ಕರೆಸಿ, ಕೆಲಸ ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ಅವಳು ಮತ್ತೆ ಕೆಲಸಕ್ಕೆ ಬಂದಳು. ಬಹಳ ದಿನ ರ‍್ಯಾಂಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಸನ್ಮಾನದ ದಿನ ಮೈಕಿನ ಮುಂದೆ ನಿಂತಾಗ ನನ್ನ ಬಾಯಿ ಆರಿತು. ಬರೆದುಕೊಂಡು ಹೋಗಿದ್ದುದನ್ನು ಬಿಟ್ಟು, ಗಾಜಿನ ಬಾಗಿಲ ಹಿಂದೆ ನಡೆದದ್ದನ್ನು ಹೇಳಿದೆ. ಜನರಲ್ ಅವರ ಕೈಗಳು ನಡುಗುತ್ತಿದ್ದವು, ಹಿಡಿಕೆ ಗಾಜಿಗೆ ಬಡಿಯುತ್ತಿತ್ತು, ಅವರು ಬಿಡಲಿಲ್ಲ ಎಂದೆ. ಸತ್ತವರ ಮನೆಗಳಿಗೆ ಅವರು ಹೋಗುತ್ತಿದ್ದುದನ್ನು ಹೇಳಿದೆ. ಲಿಫ್ಟಿನ ವಿಷಯ ಹೇಳಲಿಲ್ಲ, ಅದು ಅವರು ಆ ಹೆಂಗಸಿಗೆಂದೇ ಬಿಚ್ಚಿಟ್ಟದ್ದು. ಮುಂದಿನ ಸಾಲಿನಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಆಮೇಲೆ ಅಧ್ಯಕ್ಷರು, "ನಡುಗಿದ್ದು ಯಾಕೆ ಹೇಳಕ್ ಹೋದ್ರಿ ಮೇಡಂ, ದೊಡ್ಡೋರು ಬೇಜಾರ್ ಮಾಡ್ಕೊಂಡ್ರೆ" ಎಂದು ಪಿಸುಗುಟ್ಟಿದರು. ದೊಡ್ಡವರು ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾತಾಡಲು ಕರೆದಾಗ, "ತಂಗಿ ಖರೇ ಹೇಳ್ಯಾಳ. ಶಟರಿಗೆ ಎಣ್ಣಿ ಹಾಕಸ್ರಿ" ಎಂದಷ್ಟೇ ಹೇಳಿ ಕೂತರು. ಜನ ನಕ್ಕರು. ಚಪ್ಪಾಳೆ ಬಹಳ ಹೊತ್ತು ಇತ್ತು.

ಊಟದ ಸಮಯದಲ್ಲಿ ಕಾಕು ನನ್ನ ಪಕ್ಕ ಬಂದು ಕೂತರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ಆವತ್ತ ನಾ ಬಾಲ್ಕನ್ಯಾಗ ಇದ್ನೆಲ್ಲ, ಮ್ಯಾಲಿಂದ ಅದರ ಬೆನ್ನ ಕಾಣತಿತ್ತು. ಅದರ ಮುಂದ ಗಾಜು, ಗಾಜಿನ ಹಿಂದ ಇವ್ರು" ಎಂದರು. "ನಲವತ್ತು ವರ್ಷ ಇವ್ರು ಎಲ್ಲೆಲ್ಲೋ ಇದ್ರು. ಕಾಗದಾ ಬರತಿತ್ತು, ಆರಾಮ ಅದೀನಿ ಅಂತ. ನಾ ನಂಬಿ ಮಕ್ಕಳನ್ನ ಸಾಲಿಗೆ ಕಳಸತಿದ್ದೆ, ಅಡಗಿ ಮಾಡತಿದ್ದೆ. ಆವತ್ತ ಕಣ್ಣಲೆ ನೋಡಿದೆ, ಇವ್ರು ಹೆಂಗ ನಿಂದ್ರತಿದ್ರು ಅಂತ. ಈಗ ಹಿಂದಿನ ಯುದ್ಧಕ್ಕೆಲ್ಲಾ ಅಂಜಾಕತ್ತೀನಿ ತಂಗಿ. ಮುಗದು ಹೋದದ್ದಕ್ಕ."

ನಾನು ಅವರ ಕೈ ಹಿಡಿದುಕೊಂಡೆ. ಅತ್ತ ಕಾಕಾ ಆ ಹೆಂಗಸಿನ ಗಂಡನ ಜೊತೆ ನಿಂತು, ಅವನ ಕಾರ್ಖಾನೆಯ ಪಾಳಿಯ ಬಗ್ಗೆ ಏನೋ ಕೇಳುತ್ತಿದ್ದರು. ಕಾಕು ಅವರನ್ನು ನೋಡುತ್ತಲೇ ಇದ್ದರು, ಒಂದು ತುತ್ತೂ ಎತ್ತಲಿಲ್ಲ.